ಮಗುವಿಗೆ ವಾಂತಿ–ಭೇದಿಯೇ? ಓಆರ್‌ಎಸ್ ಕಲಸುವುದು, ಕುಡಿಸುವುದು ಹೀಗೆ

ಮಳೆ ಹಿಡಿದುಕೊಂಡರೆ ಸಾಕು, ಹಾಸನದ ಮಕ್ಕಳ ವೈದ್ಯರ ಮುಂದೆ ವಾಂತಿ–ಭೇದಿಯ ಮಕ್ಕಳದ್ದೇ ಸಾಲು. ಆಲೂರು, ಅರಕಲಗೂಡು, ಸಕಲೇಶಪುರದ ಕಡೆಯಿಂದ ಮಗುವನ್ನು ಎತ್ತಿಕೊಂಡು ಬರುವವರಲ್ಲಿ ಬಹಳ ಮಂದಿ ‘ಓಆರ್‌ಎಸ್ ಕೊಟ್ಟಿದ್ದೀವಿ ಡಾಕ್ಟ್ರೇ’ ಎನ್ನುತ್ತಾರೆ. ಹೇಗೆ ಕಲಸಿದಿರಿ ಎಂದು ಕೇಳಿದಾಗ ತಪ್ಪು ಹೊರಬೀಳುತ್ತದೆ. ಅರ್ಧ ಲೋಟ ನೀರಿಗೆ ಒಂದು ಚಮಚ ಪುಡಿ, ಉಳಿದ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್. ಇಲ್ಲವೇ ಹಾಲಿಗೇ ಬೆರೆಸಿದ್ದು. ಇಲ್ಲವೇ ಒಂದೇ ಸಲಕ್ಕೆ ಲೋಟ ತುಂಬ ಕುಡಿಸಿ, ಮಗು ಅಷ್ಟನ್ನೂ ಕಕ್ಕಿದ ಮೇಲೆ ‘ಇವನಿಗೆ ಒಗ್ಗಲ್ಲ’ ಎಂದು ಬಿಟ್ಟಿದ್ದು.

ಭೇದಿಯಾದ ಮಗುವಿನ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ಮೈಯಿಂದ ಹೋಗುವ ನೀರು ಮತ್ತು ಲವಣ. ಓಆರ್‌ಎಸ್, ಅಂದರೆ ಲವಣ ಮತ್ತು ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಬಾಯಿಂದ ಕುಡಿಸುವ ದ್ರಾವಣ, ಆ ನಷ್ಟವನ್ನು ತುಂಬುತ್ತದೆ, ಭೇದಿಯನ್ನು ನಿಲ್ಲಿಸುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ‘ಕೊಟ್ಟರೂ ನಿಲ್ಲಲಿಲ್ಲ’ ಎಂದು ಅರ್ಧಕ್ಕೆ ಕೈಬಿಡುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್‌ಗೆ ಹಾಕುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು–ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಬಾಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಅವರು ಶಿಬಿರದಲ್ಲಿ ಮಾಡಿದ್ದನ್ನು ನೀವು ಅಡುಗೆಮನೆಯಲ್ಲಿ ಮಾಡಬಲ್ಲಿರಿ.

1. ಸರಿಯಾದ ಪೊಟ್ಟಣ ತನ್ನಿ

ಔಷಧಿ ಅಂಗಡಿಯಲ್ಲಿ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರದ ಪುಡಿ ಎಂದೇ ಕೇಳಿ. ಹಿಂಬದಿ ಓದಿ: ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಪುಕ್ಕಟೆ ಸಿಗುತ್ತದೆ. ಪುಕ್ಕಟೆಯದು ಎಂಬ ಕಾರಣಕ್ಕೆ ಕಡಿಮೆಯದೇನಲ್ಲ.

ಬಣ್ಣಬಣ್ಣದ ಡಬ್ಬಿಗಳಲ್ಲಿ ಸ್ಟ್ರಾ ಅಂಟಿಸಿಕೊಂಡು ಬರುವ ಹಣ್ಣಿನ ರುಚಿಯ ಪಾನೀಯಗಳನ್ನು ಭೇದಿಯಾದ ಮಗುವಿಗೆ ಕೊಡಲೇಬೇಡಿ. ಅಂಥ ಪಾನೀಯಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು, ಲವಣ ಕಡಿಮೆ. ಆ ಸಕ್ಕರೆ ಮೈಯೊಳಗಿನ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಇನ್ನಷ್ಟು ಮಾಡುತ್ತದೆ. ಇಂಥವುಗಳ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಪದ ಇರಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಹಾಗಿದ್ದರೂ ಅಂಗಡಿಯವರು ‘ಇದೂ ಅದೇ’ ಎಂದು ಕೊಟ್ಟರೆ ವಾಪಸ್ ಮಾಡಿ. ಗ್ಲೂಕೋಸ್ ಪುಡಿಯೂ ಓಆರ್‌ಎಸ್ ಅಲ್ಲ, ಅದರಲ್ಲಿ ಉಪ್ಪಿಲ್ಲ.

ಅರಸೀಕೆರೆ ಸೀಮೆಯವರು ಎಳನೀರಿನ ಮಾತೆತ್ತದೆ ಬಿಡುವುದಿಲ್ಲ. ಸಣ್ಣ ಭೇದಿಗೆ ನಡುನಡುವೆ ಕೊಡಿ, ತೊಂದರೆಯಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ಪೊಟ್ಟಣದ ಜಾಗವನ್ನು ಅದು ತುಂಬಲಾರದು.

2. ಇಡೀ ಪೊಟ್ಟಣ, ಅಳೆದ ನೀರು

ಸೋಪಿನಲ್ಲಿ ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರನ್ನು ಅಳೆದುಕೊಳ್ಳಿ. ಮನೆಯ ಸ್ಟೀಲ್ ಲೋಟಗಳು ಒಂದೊಂದು ಒಂದೊಂದು ಅಳತೆಯವು, ಅವನ್ನು ನಂಬಬೇಡಿ. ‘1 ಲೀಟರ್’ ಎಂದು ಅಚ್ಚಾಗಿರುವ ನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನು ಚೆನ್ನಾಗಿ ತೊಳೆದು ಅದರಲ್ಲೇ ಅಳೆಯಿರಿ. ಸಣ್ಣ ಪೊಟ್ಟಣವಾದರೆ ಮೇಲೆ 200 ಮಿ.ಲೀ. ಎಂದಿರುತ್ತದೆ, ಅಷ್ಟೇ ನೀರು. ಪೊಟ್ಟಣದ ಮೇಲಿನ ಈ ಅಂಕಿಯನ್ನು ನೋಡದೆ ಕತ್ತರಿ ಹಾಕಬೇಡಿ. ಸಣ್ಣ ಪೊಟ್ಟಣವನ್ನು ಲೀಟರಿಗೆ ಸುರಿದರೆ ಅದು ಸಪ್ಪೆ ನೀರು. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಅಪಾಯ: ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು.

ಪುಡಿಯನ್ನು ಪೂರ್ತಿ ಸುರಿಯಿರಿ. ನಾಲ್ಕು ಬಗೆಯ ಪುಡಿಗಳು ಪೊಟ್ಟಣದೊಳಗೆ ಸಮನಾಗಿ ಬೆರೆತಿರುತ್ತವೆ ಎಂಬ ಖಾತ್ರಿಯಿಲ್ಲ. ನೀವು ತೆಗೆದ ಒಂದು ಚಮಚದಲ್ಲಿ ಬರೀ ಸಕ್ಕರೆಯೇ ಬಂದಿರಬಹುದು, ಉಪ್ಪೇ ಜಾಸ್ತಿ ಬಂದಿರಬಹುದು. ಇಲ್ಲಿ ಅಳತೆಗೆ ಇಷ್ಟು ಬೆಲೆ ಯಾಕೆಂದರೆ, ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿಯೇ ಒಳಗೆ ಹೋಗುವ ಒಂದು ದಾರಿಯಿದೆ. ಎಂಥ ಭೇದಿಯಲ್ಲೂ ಆ ದಾರಿ ಸಾಮಾನ್ಯವಾಗಿ ಮುಚ್ಚುವುದಿಲ್ಲ. ಅವೆರಡರ ಬೆನ್ನಿಗೇ ನೀರೂ ಒಳಸೇರುತ್ತದೆ. ಪ್ರಮಾಣ ಕೆಟ್ಟರೆ ಆ ಕೆಲಸ ಕೆಡುತ್ತದೆ.

ಮೇಲೆ ಸಕ್ಕರೆ, ನಿಂಬೆಹಣ್ಣು, ಹಾಲು, ಜ್ಯೂಸ್ ಏನನ್ನೂ ಸೇರಿಸಬೇಡಿ. ನೀವೇ ಒಂದು ಗುಟುಕು ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಿ. ಕಲಸಿದ ಮೇಲೆ ಕಾಯಿಸಬೇಡಿ, ಮುಚ್ಚಿಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ.

ಮೂಡಿಗೆರೆ ಕಡೆಯ ತೋಟದ ಲೈನ್ ಮನೆಯಲ್ಲಿ ರಾತ್ರಿ ಹತ್ತಕ್ಕೆ ಭೇದಿ ಶುರುವಾಗಿ, ಪೊಟ್ಟಣವೂ ಇಲ್ಲ, ಗಾಡಿಯೂ ಇಲ್ಲ ಎಂದಾಗ ಮಾತ್ರ ಹೀಗೆ ಮಾಡಿ: ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗೋಪುರ ಮಾಡದೆ ಚಮಚದ ಅಂಚಿಗೆ ಸಮ ಮಾಡಿ ಅಳೆಯಿರಿ. ಇದು ಬೆಳಗಿನ ತನಕ ದಾಟಿಸಲಿಕ್ಕೆ, ಬೆಳಗಾದ ಕೂಡಲೇ ಪೊಟ್ಟಣ ತರಿಸಿ.

3. ಕುಡಿಸುವುದು

ಬಹಳ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಪ್ರತಿ ಸಲ ನೀರಾಗಿ ಹೋದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಬೇಕು. ವಾಂತಿ ಇಲ್ಲದ ಮಗು ಇಷ್ಟನ್ನು ಲೋಟದಿಂದ ಗುಟುಕು ಗುಟುಕಾಗಿ ಕುಡಿಯುತ್ತದೆ.

ವಾಂತಿ ಮಾಡುವ ಮಗುವಿಗೆ ಲೋಟವನ್ನು ತೋರಿಸಲೂಬೇಡಿ. ಬಾಯಾರಿದ ಮಗು ಕಿತ್ತುಕೊಂಡು ಗಟಗಟ ಕುಡಿಯುತ್ತದೆ, ತುಂಬಿದ ಹೊಟ್ಟೆ ಅಷ್ಟನ್ನೂ ಹೊರಹಾಕುತ್ತದೆ. ವಾಂತಿಯಾದ ಮೇಲೆ 10 ನಿಮಿಷ ಸುಮ್ಮನಿರಿ. ಆಮೇಲೆ ಮಗುವನ್ನು ತೊಡೆಯ ಮೇಲೆ ತಲೆ ಎತ್ತರವಿರುವಂತೆ ಕೂರಿಸಿಕೊಂಡು ಒಂದು ಟೀ ಚಮಚ ಕೊಡಿ. ಒಂದೆರಡು ನಿಮಿಷ ಬಿಟ್ಟು ಇನ್ನೊಂದು. ಮತ್ತೆ ಇನ್ನೊಂದು. ಅತ್ತರೂ ಬೇಗಬೇಗ ಕೊಡಬೇಡಿ. ಮತ್ತೆ ವಾಂತಿಯಾದರೆ ಮತ್ತೆ 10 ನಿಮಿಷ, ಮತ್ತೆ ಚಮಚ, ಈ ಸಲ ಇನ್ನೂ ನಿಧಾನ.

‘ಒಂದೊಂದು ಚಮಚದಲ್ಲಿ ಏನಾದೀತು?’ ಎನ್ನುವ ಅಜ್ಜಿಯರಿಗೆ ನಾನು ಲೆಕ್ಕ ಹೇಳುತ್ತೇನೆ. ಒಂದು ಟೀ ಚಮಚಕ್ಕೆ 5 ಮಿ.ಲೀ. ಒಂದೂವರೆ ನಿಮಿಷಕ್ಕೆ ಒಂದರಂತೆ ಕೊಟ್ಟರೆ ಗಂಟೆಗೆ 200 ಮಿ.ಲೀ. ಆಯಿತು. ನೀರಿನಂಶ ಕಡಿಮೆಯಾದ ಮಗುವಿಗೆ ಮೊದಲ ನಾಲ್ಕು ಗಂಟೆಯಲ್ಲಿ ಕೆಜಿಗೆ 75 ಮಿ.ಲೀ.ನಂತೆ ಕೊಡಬೇಕು. 10 ಕೆಜಿಯ ಮಗುವಿಗೆ ಅದು 750 ಮಿ.ಲೀ. ಚಮಚದಲ್ಲೇ ಅಷ್ಟೂ ಒಳಗೆ ಹೋಗುತ್ತದೆ, ಸೂಜಿ ಚುಚ್ಚುವ ಅಗತ್ಯವಿಲ್ಲದೆ. ಬೇಕಾದ್ದು ಒಬ್ಬರ ತಾಳ್ಮೆ, ಕೈ ಸೋತಾಗ ಕೂರಲು ಇನ್ನೊಬ್ಬರು. ಅಪ್ಪಂದಿರೂ ಕೂರಲಿ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಲ್ಲಿ ಸುರಿಯಬೇಡಿ. ಅಳುವ ಮಗುವಿನ ಶ್ವಾಸಕೋಶಕ್ಕೆ ನೀರು ಹೋಗುತ್ತದೆ. ನಿಪ್ಪಲ್ ಬಾಟಲಿಯೂ ಬೇಡ, ಅದನ್ನು ಶುಚಿಯಾಗಿಡುವುದು ಕಷ್ಟ, ಎಷ್ಟೋ ಸಲ ಭೇದಿಗೆ ಅದೇ ಮೂಲ.

4. ಊಟ

ಎದೆಹಾಲು ನಿಲ್ಲಿಸಬೇಡಿ, ಹೆಚ್ಚು ಸಲ ಕೊಡಿ. ಆರು ತಿಂಗಳು ದಾಟಿದ ಮಕ್ಕಳಿಗೆ ಗಂಜಿ, ಹೆಸರುಬೇಳೆ ಹಾಕಿದ ಮೆತ್ತನೆ ಅನ್ನ, ಮೊಸರನ್ನ, ಬಾಳೆಹಣ್ಣು. ಪಥ್ಯವೆಂದು ಉಪವಾಸ ಹಾಕಿದರೆ ಮಗು ಸೊರಗುತ್ತದೆ, ಕರುಳು ಚೇತರಿಸಿಕೊಳ್ಳುವುದೂ ತಡವಾಗುತ್ತದೆ.

5. ಜಿಂಕ್ 14 ದಿನ

ಆರು ತಿಂಗಳು ಮೇಲ್ಪಟ್ಟ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ. ಮಾತ್ರೆ ಒಂದು, ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ. ಚಮಚದಲ್ಲಿ ಎದೆಹಾಲಿಗೋ ನೀರಿಗೋ ಹಾಕಿದರೆ ಕರಗುತ್ತದೆ. ಭೇದಿ ಮೂರನೇ ದಿನಕ್ಕೆ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುವವರೇ ಹೆಚ್ಚು. 14 ದಿನ ಪೂರ್ತಿ ಕೊಟ್ಟರೆ ಮುಂದಿನ ಎರಡು–ಮೂರು ತಿಂಗಳು ಭೇದಿ ಮರುಕಳಿಸುವ ಸಂಭವ ತಗ್ಗುತ್ತದೆ.

ದೊಡ್ಡವರ ‘ಭೇದಿ ಕಟ್ಟುವ’ ಮಾತ್ರೆಯನ್ನು ಮುರಿದು ಕೊಡಬೇಡಿ, ಮಕ್ಕಳ ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬರಿಸಬಹುದು. ಮಕ್ಕಳ ಭೇದಿಗೆ ಹೆಚ್ಚಾಗಿ ವೈರಸ್ಸೇ ಕಾರಣ, ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ವೈದ್ಯರು ಬರೆದುಕೊಡದಿದ್ದರೆ ಒತ್ತಾಯಿಸಿ ಬರೆಸಿಕೊಳ್ಳಬೇಡಿ. ಮನೆಯಲ್ಲಿ ಹಸುಗೂಸಿದ್ದರೆ 6, 10, 14ನೇ ವಾರದ ರೋಟಾವೈರಸ್ ಹನಿ ತಪ್ಪಿಸಬೇಡಿ. ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಅದಿದೆ. ಹಲ್ಲು ಬರುವಾಗ ಭೇದಿಯಾಗುವುದು ಸಹಜ ಎಂಬ ನಂಬಿಕೆಯಲ್ಲಿ ಎರಡು ದಿನ ಕಳೆದುಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಲ್ಲು ಬರುತ್ತಿದ್ದರೂ ಓಆರ್‌ಎಸ್ ಬೇಕೇ ಬೇಕು.

6. ಮನೆಯಲ್ಲಿ ಕಾಯಬಾರದ ಹೊತ್ತು

ಮಗು ಮಂಕಾಗಿ ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಚಮಚದ ನೀರನ್ನೂ ನುಂಗಲಾಗದಿದ್ದರೆ, ಕೊಟ್ಟದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಕೆಳಗಿಳಿದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಹೊರಡಿ. ಎರಡು ತಿಂಗಳೊಳಗಿನ ಕೂಸಾದರೆ ಈ ಯಾವುದಕ್ಕೂ ಕಾಯಬೇಡಿ, ಭೇದಿ ಕಂಡ ದಿನವೇ ತೋರಿಸಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಎಚ್ಚರವಿದ್ದು ನುಂಗುತ್ತಿರುವ ಮಗುವಿಗೆ ದಾರಿಯಲ್ಲೂ ಚಮಚದಲ್ಲಿ ಕೊಡುತ್ತಲೇ ಬನ್ನಿ.

ಬರುವಾಗ ಖಾಲಿ ಪೊಟ್ಟಣವನ್ನೂ ಕಲಸಿದ ಬಾಟಲಿಯನ್ನೂ ಜೊತೆಗೆ ತನ್ನಿ. ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ, ಬೆಳಗಿನಿಂದ ಬಾಟಲಿಯಲ್ಲಿ ಎಷ್ಟು ಖಾಲಿಯಾಯಿತು, ಇವೆರಡನ್ನು ವೈದ್ಯರು ಮೊದಲು ಕೇಳುತ್ತಾರೆ.