ಕಂಬಾರರನ್ನು ಓದೋದು ನನಗೆ ಕಲಿಸಿದ ಒಂಬತ್ತನೇ ಕ್ಲಾಸು

ನಾನು ತುಮಕೂರು ಕಡೆಯವನು. ಗೋಕಾಕ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಬಂದ ವರ್ಷವೇ ರಾಜ್ಯೋತ್ಸವಕ್ಕೆ ಚಂದ್ರಶೇಖರ ಕಂಬಾರರ ಬಗ್ಗೆ ಕಾರ್ಯಕ್ರಮ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಅವರ ಹುಟ್ಟೂರು ಘೋಡಗೇರಿ ಪಕ್ಕದ ಹುಕ್ಕೇರಿ ತಾಲ್ಲೂಕಿನದು. ನಮ್ಮ ಮಕ್ಕಳಿಗೆ ಅವರು ಊರ ಕಡೆಯ ಮನುಷ್ಯ.

ನಾನು ಮಾಡಿದ ಮೊದಲ ತಪ್ಪು ಚಾರ್ಟ್. 1937ರಲ್ಲಿ ಜನನ, ‘ಸಿರಿಸಂಪಿಗೆ’ ನಾಟಕಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ನೇ ಸಾಲಿನ ಜ್ಞಾನಪೀಠ, ಅದು ಕನ್ನಡಕ್ಕೆ ಎಂಟನೆಯದು, 2021ರಲ್ಲಿ ಪದ್ಮಭೂಷಣ. ಒಬ್ಬ ಹುಡುಗಿ ಇಷ್ಟನ್ನೂ ರೇಷನ್ ಪಟ್ಟಿ ಓದಿದ ಹಾಗೆ ಓದಿದಳು. ಕೇಳುತ್ತಾ ನನಗೇ ಆಕಳಿಕೆ ಬಂತು.

ಸರಿ, ಕವಿತೆಗೇ ಹೋಗೋಣ ಅಂತ 1964ರ ‘ಹೇಳತೇನ ಕೇಳ’ ತೆಗೆದೆ. ಶಿವಾಪುರದ ಗೌಡನನ್ನು ಕೊಂದ ರಾಕ್ಷಸ ಗೌಡನ ರೂಪದಲ್ಲೇ ಊರಿಗೆ ಬರುವ ಕತೆ ಅದು. ನಮ್ಮ ಕಡೆ ‘ಅವನು ಮಾತು ಕೇಳ’ ಅಂದರೆ ಕೇಳುವುದಿಲ್ಲ ಅಂತ. ಆ ಕಿವಿಯಲ್ಲೇ ಓದಿಬಿಟ್ಟೆ. ‘ಹೇಳ್ತೇನಾ? ಕೇಳ!’ ಅಂತ ಯಾರನ್ನೋ ಬೈದ ಹಾಗಾಯಿತು. ಕ್ಲಾಸು ಗೊಳ್ ಅಂದಿತು.

ಹಿಂದಿನ ಬೆಂಚಿನ ಹುಡುಗ ಎದ್ದ. “ಹಂಗಲ್ರಿ ಸರ್. ನಮ್ಮ ಆಯಿ ಕತಿ ಹೇಳೂಮುಂದ ಹೆಂಗ ಅಂತಾಳು, ಹಂಗ ಅನಬೇಕ್ರಿ.” ಅಂದೂ ತೋರಿಸಿದ. ‘ತೇ’ ಮೇಲೆ ಒಂಚೂರು ನಿಂತ. ‘ಕೇ’ ಎಳೆದ. ಕೊನೆಯ ‘ಳ’ವನ್ನು ಮುಟ್ಟಿ ಬಿಟ್ಟ, ಅಷ್ಟೇ. ಬೋರ್ಡಿನ ಮೇಲೆ ‘ಹೇಳುತ್ತೇನೆ, ಕೇಳು’ ಅಂತ ಬರೆದು, ಕೆಳಗೆ ‘ಹೇಳತೇನ ಕೇಳ’ ಬರೆದೆ. ಮೇಲಿನದು ನನ್ನ ಪಾಠದ ದನಿ. ಕೆಳಗಿನದು ಕಟ್ಟೆ ಮೇಲೆ ಪಕ್ಕದಲ್ಲೇ ಕೂತವರ ದನಿ.

ಆಮೇಲೆ ಅರ್ಥ ಹೇಳೋದನ್ನೇ ನಿಲ್ಲಿಸಿದೆ. ದಿನಾ ಕೊನೆಯ ಪೀರಿಯಡ್ಡಿನಲ್ಲಿ ಒಬ್ಬರು ಓದೋದು, ಉಳಿದವರು ಕತೆ ಕೇಳುವಾಗ ಮಾಡುವ ಹಾಗೆ ‘ಹ್ಞೂಂ’ಗುಟ್ಟೋದು. ಎಲ್ಲಿ ‘ಹ್ಞೂಂ’ ಬರಲಿಲ್ಲವೋ ಅಲ್ಲಿ ಓದಿದವರ ಉಸಿರು ತಪ್ಪಿದೆ ಅಂತ ಲೆಕ್ಕ. ಇದು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ತಾಳಕ್ಕೆ ಬಡಿಯೋ ದಪ್ಪು ಸಿಗಲಿಲ್ಲ, ಟಿಫಿನ್ ಡಬ್ಬಿ ಬಡಿದೆವು. ಪಕ್ಕದ ಕ್ಲಾಸಿನ ಗಣಿತದವರು ಎರಡು ಸಲ ಬಂದು ಹೋದರು.

‘ಜೋಕುಮಾರಸ್ವಾಮಿ’ ನಾಟಕದಿಂದಲೂ ಒಂದು ತುಣುಕು ಮಾಡೋಣ ಅಂತಿದ್ದೆ. ಭಾದ್ರಪದದಲ್ಲಿ ಫಲದ ದೇವರು ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಬರೋದು, ಅವನ ಬಾಯಿಗೆ ಬೆಣ್ಣೆ ಸವರೋದು ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನಾಟಕದಲ್ಲಿ ಮಕ್ಕಳಿಲ್ಲದ ಗೌಡತಿ ಗಂಡನಿಗೆ ಉಣಿಸೋಕೆ ಪಡವಲಕಾಯಿ ಪಲ್ಯ ಯಾಕೆ ಮಾಡ್ತಾಳೆ ಅಂತ ಒಂಬತ್ತನೇ ಕ್ಲಾಸಿನವರಿಗೆ ವಿವರಿಸುವ ಧೈರ್ಯ ನನಗೆ ಬರಲಿಲ್ಲ. ಕೈಬಿಟ್ಟೆ.

ಕಾರ್ಯಕ್ರಮದ ದಿನ ಮೈಕು ಕೈಕೊಟ್ಟಿತು. ಆ ಹಿಂದಿನ ಬೆಂಚಿನ ಹುಡುಗ ಮೈಕು ಬದಿಗೆ ಸರಿಸಿ ಸುಮ್ನೆ ಶುರು ಮಾಡಿದ. ಎರಡು ಸಾಲು ಆಗುವಷ್ಟರಲ್ಲಿ ಹಿಂದೆ ನಿಂತಿದ್ದ ತಾಯಂದಿರ ಕಡೆಯಿಂದ, ಯಾರೂ ಹೇಳಿಕೊಡದೆ, ‘ಹ್ಞೂಂ’ ಬಂತು.