ಒಂದು ಹನಿ ಆಯಿಲ್‌ನಿಂದ ಡೀಸೆಲ್ ಎಂಜಿನ್ ಪರೀಕ್ಷೆ ಹೇಗೆ?

ಮಂಗಳೂರು ಬಳಿಯ ತೋಕೂರಿನಿಂದ ಉಡುಪಿ ದಾಟಿ ಹೋಗುವ ಕೊಂಕಣ ರೈಲು ಮಾರ್ಗ ಪೂರ್ತಿ ವಿದ್ಯುದೀಕರಣ ಆದದ್ದು 2022ರಲ್ಲಿ. ಅಲ್ಲಿವರೆಗೆ ನಮ್ಮ ಕರಾವಳಿಯ ಗಾಡಿಗಳನ್ನು ಎಳೆದದ್ದು ಡೀಸೆಲ್ ಲೋಕೊಗಳೇ (ರೈಲು ಎಂಜಿನ್‌ಗಳು). ಅವುಗಳಲ್ಲಿ ಆಲ್ಕೊ ಎಂಬ ಮಾದರಿಯ 16 ಸಿಲಿಂಡರ್‌ನ ಎಂಜಿನ್‌ಗೆ 900 ಲೀಟರ್‌ನಷ್ಟು ಆಯಿಲ್ ಬೇಕು. ಅಷ್ಟನ್ನು ಸುಮ್ನೆ ಬದಲಿಸಲು ಆಗುತ್ತದಾ? ಅದಕ್ಕೇ ರೈಲ್ವೆ ಶೆಡ್‌ಗಳಲ್ಲಿ ಆಯಿಲ್ ಸ್ಯಾಂಪಲ್ ಲ್ಯಾಬ್‌ಗೆ ಹೋಗುತ್ತದೆ. ಆಯಿಲ್‌ನಲ್ಲಿ ಸವೆದ ಲೋಹದ ಅಂಶ ಎಷ್ಟಿದೆ ಅಂತ ಅಲ್ಲಿ ನೋಡುತ್ತಾರೆ. ತಾಮ್ರ, ಸೀಸ ಏರಿದರೆ ಬೇರಿಂಗ್ ಮೇಲೆ ಅನುಮಾನ. ಅಲ್ಯೂಮಿನಿಯಂ ಏರಿದರೆ ಪಿಸ್ಟನ್ ಮೇಲೆ. ಸೋಡಿಯಂ ಕಂಡರೆ ಕೂಲಿಂಗ್ ನೀರು ಒಳಗೆ ಸೋರುತ್ತಿರಬಹುದು. ಎಂಜಿನ್ ಬಿಚ್ಚದೆಯೇ ಇಷ್ಟೆಲ್ಲ ಗೊತ್ತಾಗುವುದು ನನಗೆ ಈಗಲೂ ಬೆರಗಿನ ವಿಷಯ.

ಲ್ಯಾಬ್ ಇಲ್ಲದಿದ್ದರೂ ಪೇಪರ್ ಮೇಲೆ ಒಂದು ಹನಿ ಆಯಿಲ್ ಹರಡುವ ರೀತಿ ನೋಡುವ ಚುಕ್ಕೆ ಪರೀಕ್ಷೆಯನ್ನು ನೀವೇ ಮಾಡಬಹುದು. ಮಲ್ಪೆಯ ಬೋಟ್ ಆಗಲಿ, ಮನೆಯ ಜೀಪ್ ಆಗಲಿ, ವಿಧಾನ ಒಂದೇ.

ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಫ್ ಮಾಡಿ. ತಣ್ಣಗಿರುವಾಗ ಮಸಿ ತಳಕ್ಕೆ ಇಳಿದಿರುತ್ತದೆ, ಸರಿಯಾದ ಸ್ಯಾಂಪಲ್ ಸಿಗುವುದಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಫಿಲ್ಟರ್ ಪೇಪರ್ ಮೇಲೆ ಒಂದೇ ಒಂದು ಹನಿ ಬೀಳಿಸಿ. ಪೇಪರಿನ ನಡುಭಾಗ ಮೇಜಿಗೆ ತಾಗಬಾರದು, ಲೋಟದ ಬಾಯಿ ಮೇಲಿಟ್ಟರೆ ಸಾಕು. ರಾತ್ರಿಯಿಡೀ ಬಿಡಿ. ಮಳೆಗಾಲದಲ್ಲಿ ನಮ್ಮಲ್ಲಿ ಪೇಪರ್ ತಾನಾಗಿಯೇ ತೇವ ಎಳೆದುಕೊಳ್ಳುತ್ತದೆ. ಬಳಸದ ಪೇಪರನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಬೇಕಾದಾಗ ಮಾತ್ರ ಹೊರತೆಗೆಯಿರಿ.

ಬೆಳಿಗ್ಗೆ ಚುಕ್ಕೆಯನ್ನು ಬೆಳಕಿಗೆ ಹಿಡಿಯಿರಿ. ಬಣ್ಣ ಕಪ್ಪು ಅಂತ ಹೆದರಬೇಡಿ. ಡೀಸೆಲ್ ಎಂಜಿನ್‌ನ ಆಯಿಲ್ ಬೇಗ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲೇ ತೇಲಿಸಿಕೊಂಡಿರುವುದು ಅದರ ಕೆಲಸ. ನೋಡಬೇಕಾದ್ದು ಹರಡಿದ ರೀತಿ. ಬೂದು ಬಣ್ಣ ನಡುವಿನಿಂದ ಅಂಚಿನವರೆಗೆ ಮೆಲ್ಲಗೆ ತೆಳುವಾಗುತ್ತಾ ಹೋದರೆ ಆಯಿಲ್‌ನಲ್ಲಿ ಇನ್ನೂ ಕಸುವಿದೆ. ನಡುವೆ ದಟ್ಟ ಕಪ್ಪು ಗುಡ್ಡೆ ಕಟ್ಟಿ, ಸುತ್ತ ಬರೀ ಎಣ್ಣೆ ಹರಡಿದ್ದರೆ ಬದಲಿಸುವ ಹೊತ್ತು ಬಂದಿದೆ. ಅಂಚು ಒಡೆದು ಗರಗಸದ ಹಾಗಿದ್ದರೆ ನೀರು ಸೇರಿರಬಹುದು. ಡಿಪ್‌ಸ್ಟಿಕ್‌ನಲ್ಲೇ ಆಯಿಲ್ ಹಾಲು ಬೆರೆತಂತೆ ಕಂಡರಂತೂ ಎಂಜಿನ್ ಓಡಿಸಲೇಬೇಡಿ. ನೀರು ಬೆರೆತ ಆಯಿಲ್ ಬೇರಿಂಗ್‌ಗೆ ಬೇಕಾದ ಪದರ ಕಟ್ಟುವುದಿಲ್ಲ.

ಹೊಸ ಆಯಿಲ್ ತರುವಾಗಲೂ ಎಂಜಿನ್‌ನ ಪುಸ್ತಕ ನೋಡಿ. ಗೂಡ್ಸ್ ಗಾಡಿ ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಲೋಕೊದ ಎಂಜಿನ್ ಒಳಗೆ ಬೆಳ್ಳಿ ಲೇಪಿಸಿದ ಬೇರಿಂಗ್ ಇರುವುದರಿಂದ, ಲಾರಿಗೆ ಹಾಕುವ ಸತು ಬೆರೆತ ಆಯಿಲ್ ಅದಕ್ಕೆ ಆಗದು. ನಿಮ್ಮ ಎಂಜಿನ್‌ಗೂ ಹೇಳಿದ ಗ್ರೇಡನ್ನೇ ಹಾಕಿ. ನೀರು ಸಿಕ್ಕಿದ್ದರೆ, ಸೋರುವ ಜಾಗ ಹುಡುಕಿ ಸರಿಮಾಡಿದ ಮೇಲಷ್ಟೇ ಹೊಸ ಆಯಿಲ್ ಸುರಿಯಿರಿ.