ಜುಲೈ ಟ್ರೇಡ್ ಅಳೆಯಲು ನಮ್ಮ ಮನೆಯ ನೋಟ್‌ಬುಕ್

2021ರ ಜುಲೈ 30, ಶುಕ್ರವಾರ. ನಮ್ಮ ಬೇಸ್‌ಬಾಲ್ ತಂಡ ಶಿಕಾಗೋ ಕಬ್ಸ್, ಹಾವಿಯೆರ್ ಬಾಯೆಸ್‌ನನ್ನು ಟ್ರೇಡ್‌ನಲ್ಲಿ, ಅಂದರೆ ಆಟಗಾರರ ಅದಲುಬದಲಿನಲ್ಲಿ, ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟುಬಿಟ್ಟಿತು. ಹಿಂದಿನ ದಿನ ರಿಝೋ ಹೋಗಿದ್ದ, ಅದೇ ದಿನ ಬ್ರಯಂಟ್ ಕೂಡ ಹೋದ. 108 ವರ್ಷದ ಬರ ನೀಗಿಸಿ 2016ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಅಂತಿಮ ಸರಣಿ, ಗೆದ್ದುಕೊಟ್ಟವರು ಈ ಮೂವರು. ಬಾಯೆಸ್‌ನ 9ನೇ ನಂಬರಿನ ಜೆರ್ಸಿ ತೊಟ್ಟಿದ್ದ ನನ್ನ ಮಗ ತಟ್ಟೆ ಸರಿಸಿ ಅತ್ತ. "ಅಮ್ಮಾ, ಬದಲಿಗೆ ಯಾರು ಬಂದ?" ಅಂದ. ಬಂದವನು ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್. ಹತ್ತೊಂಬತ್ತರ ಹುಡುಗ, ಭುಜದ ಆಪರೇಷನ್ ಮಾಡಿಸಿಕೊಂಡು ಕೂತಿದ್ದ. ನನ್ನ ಹೊಟ್ಟೆಯೂ ಉರಿಯಿತು.

ದಾವಣಗೆರೆಯಲ್ಲಿ ಕ್ರಿಕೆಟ್ ನೋಡಿ ಬೆಳೆದ ನನಗೆ ಈ ಲೆಕ್ಕ ಹಿಡಿತಕ್ಕೆ ಬರಲು ವರ್ಷಗಳೇ ಬೇಕಾದವು. ಐಪಿಎಲ್ ಹರಾಜಿನಲ್ಲಿ ಬೆಲೆ ಕೋಟಿಗಳಲ್ಲಿ ಇರುತ್ತದೆ, ಇಲ್ಲಿ ಬೆಲೆ ಕಟ್ಟುವುದು ಮೈನರ್ ಲೀಗಿನ, ಅಂದರೆ ಕೆಳಹಂತದ ಲೀಗಿನ, ಹುಡುಗರಿಂದ.

ಟ್ರೇಡ್ ಸುದ್ದಿ ಬಂದ ರಾತ್ರಿಯೇ, ಟಿವಿಯವರ ಮಾತು ಕಿವಿಗೆ ಬೀಳುವ ಮೊದಲು, ಒಂದು ಪುಟ ಬರೆದಿಡಿ. ಇವತ್ತು ನಮ್ಮ ತಂಡ ಎಲ್ಲಿ ನಿಂತಿದೆ? ಜೂನ್ ಕೊನೆಯಲ್ಲಿ ಶುರುವಾಗಿ ಸತತ 11 ಪಂದ್ಯ ಸೋತ 2021ರ ಕಬ್ಸ್‌ಗೆ ಅಕ್ಟೋಬರ್‌ನ ಪ್ಲೇಆಫ್ ಆಸೆ ಉಳಿದಿರಲಿಲ್ಲ.

ಆಮೇಲೆ ಹೋಗುವವನ ಒಪ್ಪಂದ ಯಾವಾಗ ಮುಗಿಯುತ್ತದೆ ನೋಡಿ. ಎಲ್ಲಕ್ಕಿಂತ ಮುಖ್ಯ ಇದೇ. ಬಾಯೆಸ್‌ನದು ಆ ಸೀಸನ್‌ಗೇ ಮುಗಿಯುತ್ತಿತ್ತು. ಅಂದರೆ ಕಬ್ಸ್ ಮಾರಿದ್ದು ಅವನ ಎರಡು ತಿಂಗಳ ಆಟವನ್ನು ಮಾತ್ರ. ಮೆಟ್ಸ್ ಪ್ಲೇಆಫ್ ಮುಟ್ಟಲಿಲ್ಲ, ಸೀಸನ್ ಮುಗಿದ ಮೇಲೆ ಅವನು ಡೆಟ್ರಾಯಿಟ್ ತಂಡ ಸೇರಿದ. ಮೈನರ್ ಲೀಗಿನಿಂದ ಮೇಲೆ ಬಂದ ಹುಡುಗನಾದರೆ ಸುಮಾರು ಆರು ಸೀಸನ್ ತಂಡದ ಕೈಯಲ್ಲಿರುತ್ತಾನೆ. ಮಗನಿಗೆ ಇದನ್ನು ಬರೆದು ತೋರಿಸಿದೆ. ಅಳು ನಿಲ್ಲಲಿಲ್ಲ, ಆದರೆ ಕೇಳಿಸಿಕೊಂಡ.

ನಮ್ಮ ತಂಡ ಹುಡುಗನನ್ನು ಕೊಡುತ್ತಿದ್ದರೆ, ಅವನ ಜಾಗ ನಮ್ಮಲ್ಲಿ ಖಾಲಿ ಇತ್ತೇ ಅಂತ ಕೇಳಿಕೊಳ್ಳಿ. 2016ರ ಜುಲೈ 25ರಂದು ಗ್ಲೇಬರ್ ಟೋರೆಸ್ ಸೇರಿ ನಾಲ್ವರನ್ನು ಯಾಂಕೀಸ್‌ಗೆ ಕೊಟ್ಟು ಪಿಚರ್ (ಚೆಂಡು ಎಸೆಯುವವ) ಅರೋಲ್ಡಿಸ್ ಚಾಪ್ಮನ್‌ನನ್ನು ತಂದರು. ಟೋರೆಸ್ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್. ನಮ್ಮಲ್ಲಿ ಆ ಜಾಗದಲ್ಲಿ ರಸೆಲ್ ಇದ್ದ, ಪಕ್ಕದಲ್ಲೇ ಬಾಯೆಸ್ ಇದ್ದ. ತಂಡ ತನ್ನ ವಿಭಾಗದಲ್ಲಿ ಮೊದಲನೆಯದಾಗಿತ್ತು, ಕೊನೆಯ ಇನ್ನಿಂಗ್ಸ್ ಕಾಯಲು ಒಬ್ಬ ಬೇಕಿದ್ದ. ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಚಾಪ್ಮನ್ ಒಬ್ಬನೇ ಎಂಟು ಔಟ್ ತೆಗೆದ. ಏಳನೆಯದರಲ್ಲಿ ಎದುರಾಳಿ ರಜಾಯ್ ಡೇವಿಸ್‌ಗೆ ಹೋಮ್‌ರನ್ (ನಮ್ಮ ಸಿಕ್ಸರ್ ಹಾಗೆ) ಬಿಟ್ಟುಕೊಟ್ಟ, ಆದರೂ ಕಬ್ಸ್ 8-7ರಲ್ಲಿ ಗೆದ್ದಿತು. ಟೋರೆಸ್ 2018, 2019ರಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ನಾನು ಈ ಟ್ರೇಡ್ ಅನ್ನು ಈಗಲೂ ಒಪ್ಪುತ್ತೇನೆ.

ಒಪ್ಪುವುದು ಆಟದ ಲೆಕ್ಕದಲ್ಲಿ. ಕೌಟುಂಬಿಕ ಹಿಂಸೆಯ ನಿಯಮದಡಿ ಆ ಸೀಸನ್ ಶುರುವಿನಲ್ಲಿ ಚಾಪ್ಮನ್ 30 ಪಂದ್ಯ ಅಮಾನತಾಗಿದ್ದ. ಇಂಥದ್ದಕ್ಕೆ ಬೇರೆಯೇ ಪುಟ ಇಡಿ, ಗೆಲುವಿನ ಜೊತೆ ಕೂಡಿ ಕಳೆಯಬೇಡಿ. ಅವನು ಮೌಂಡ್‌ಗೆ (ಪಿಚರ್ ನಿಲ್ಲುವ ದಿಬ್ಬಕ್ಕೆ) ಬಂದಾಗ ನಾನು ಚಪ್ಪಾಳೆ ತಟ್ಟಲಿಲ್ಲ.

ಆ ರಾತ್ರಿಯ ಲೆಕ್ಕ ಸರಿ ಇದ್ದರೂ ಫಲ ಕೈಕೊಡಬಹುದು. 2017ರಲ್ಲಿ ಪಿಚರ್ ಹೋಸೆ ಕಿಂಟಾನಾನನ್ನು ತಂದಾಗ ಅವನು 2020ರವರೆಗೆ ನಮ್ಮವನು ಅಂತ ಖುಷಿಯಿಂದ ಬರೆದಿದ್ದೆ. ಬದಲಿಗೆ ವೈಟ್ ಸಾಕ್ಸ್‌ಗೆ ಹೋದವರಲ್ಲಿ ಡಿಲನ್ ಸೀಸ್ ಇದ್ದ, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ 2022ರ ಮತದಾನದಲ್ಲಿ ಎರಡನೆಯವನಾದ. ಆ ಪುಟವನ್ನು ನಾನು ತಿದ್ದಿಲ್ಲ. ಅವತ್ತಿನ ಕಾರಣ ಮೇಲೆ, ಆಮೇಲೆ ಆದದ್ದು ಕೆಳಗೆ, ತಾರೀಖಿನ ಸಮೇತ.

ಪುಟ ಮತ್ತೆ ತೆರೆಯುವುದು ಎರಡೇ ಸಲ: ಆ ಅಕ್ಟೋಬರ್‌ನಲ್ಲಿ ಒಮ್ಮೆ, ನಾಲ್ಕು ವರ್ಷ ಬಿಟ್ಟು ಇನ್ನೊಮ್ಮೆ. ಬಾಯೆಸ್ ಪುಟದ ಕೆಳಗೆ 2025ರಲ್ಲಿ ಬರೆದವನು ನನ್ನ ಮಗ: "ಕ್ರೋ-ಆರ್ಮ್‌ಸ್ಟ್ರಾಂಗ್, 31 ಹೋಮ್‌ರನ್, ಕದ್ದ ಬೇಸ್ 35."